ಮರುಪ್ರಸಾರದಲ್ಲಿ ಇಲ್ಲದ ಒಡಪು

ನಮ್ಮ ರೇಡಿಯೋ ಕೇಂದ್ರ ಇರುವುದು ಕುಂದಗೋಳ ತಾಲೂಕಿನ ಒಂದು ಊರಿನಲ್ಲಿ, ಬೀಜ ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಒಂದರಲ್ಲಿ ಮಾತಾಡುತ್ತೇವೆ, ಇನ್ನೊಂದರಲ್ಲಿ ಚಹಾ ಕುಡಿಯುತ್ತೇವೆ. ಕೆಳಗೆ ಗೊಬ್ಬರದ ಲಾರಿ ಬಂದು ನಿಂತರೆ ಚೀಲ ಇಳಿಸುವ ಸದ್ದು ಗೋಡೆ ಹತ್ತಿ ಮೈಕಿಗೆ ಬರುತ್ತದೆ. ಆಗ ಮಾತು ನಿಲ್ಲಿಸಿ ಒಂದು ಹಾಡು ಹಾಕುತ್ತೇವೆ. ಕೇಳುವವರಿಗೂ ಇದು ಗೊತ್ತು. "ಇವತ್ತ ಹಾಡಿನ ಮ್ಯಾಲ ಹಾಡು ಬಂದುವಲ್ಲ, ಯೂರಿಯಾ ಬಂತೇನ್ರಿ?" ಎಂದು ಫೋನು ಮಾಡಿ ಕೇಳಿದವರಿದ್ದಾರೆ.

ನನ್ನದು ಧ್ವನಿಯ ಕೆಲಸ. ಮಾತಾಡುವವಳು ನನ್ನ ಜೊತೆಗಾರ್ತಿ. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾವ ಮೈಕಿನ ದನಿ ಎಷ್ಟು ಹೋಗಬೇಕು ಎಂದು ನೋಡುತ್ತ ಕೂತಿರುತ್ತೇನೆ. ನೇರ ಪ್ರಸಾರದ ಹೊತ್ತಿನಲ್ಲಿ ಕೇಳುಗರ ಫೋನು ಎತ್ತುವುದೂ ನನ್ನ ಪಾಲಿಗೇ ಇದೆ.

ಇಲ್ಲಿ ಬರೆಯುತ್ತಿರುವುದು ಒಂದು ಗುರುವಾರದ ಮಧ್ಯಾಹ್ನ ಮತ್ತು ಅದರ ಮರುದಿನ ನಡೆದದ್ದು. ಕೇಳಿದ್ದನ್ನು ಕೇಳಿದಷ್ಟೇ ಬರೆಯಬೇಕೆಂದಿದ್ದೇನೆ. ಕೆಲವು ಊರುಗಳ ಹೆಸರು ಹೇಳುವುದಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.

ಪ್ರತಿ ಗುರುವಾರ ನಾವು ಸುತ್ತಲಿನ ಯಾವುದಾದರೂ ಒಂದು ಸೇವಾಸಂಸ್ಥೆಗೆ ಹೋಗಿ, ಅಲ್ಲಿಂದಲೇ ನೇರ ಪ್ರಸಾರ ಮಾಡುತ್ತೇವೆ. ಕಿವಿ ಕೇಳಿಸದ ಮಕ್ಕಳಿಗೆ ಪಾಠ ಹೇಳುವವರು, ಹಾಸಿಗೆ ಹಿಡಿದವರ ಮನೆಗೆ ಹೋಗಿ ಮೈ ಒರೆಸಿ ಬರುವವರು, ಹಳ್ಳಿಗೊಂದು ಓದುವ ಕೋಣೆ ಮಾಡುತ್ತೇವೆಂದು ಹೊರಟವರು, ಹೀಗೆ. ದುಡ್ಡು ಕೇಳುವುದಿಲ್ಲ, ಅದು ಮೊದಲಿನಿಂದ ಇರುವ ಕಟ್ಟುಪಾಡು. ಬೇಕಾದ ಸಾಮಾನು ಕೇಳುತ್ತೇವೆ, ಇಲ್ಲವೆ ಕೈ ಕೇಳುತ್ತೇವೆ. ಯರಗುಪ್ಪಿಯ ಕಡೆಯ ಓದುವ ಕೋಣೆಗೆ ಪರದೆ ಬೇಕೆಂದಾಗ ಒಬ್ಬ ದರ್ಜಿ ಫೋನು ಮಾಡಿ, "ಬಟ್ಟಿ ನಿಮ್ದು, ದಾರ ನಂದು, ಆದ್ರ ಅಳತಿ ತಗೋಳಾಕ ನಾನ ಬರ್ತೀನ್ರಿ, ನಿಮ್ಮನ್ನ ನಂಬಂಗಿಲ್ಲ" ಎಂದಿದ್ದ. ಮೊದಲೇ ಧ್ವನಿಮುದ್ರಿಸಿ ಹಾಕಿದರೆ ಜನ ಕೇಳಿ ಸುಮ್ಮನಾಗುತ್ತಾರೆ. ನೇರ ಪ್ರಸಾರವಾದರೆ ಫೋನು ಎತ್ತುತ್ತಾರೆ. ಈಗ, ಇದೇ ಗಳಿಗೆಯಲ್ಲಿ, ಆ ಮಂದಿ ಅಲ್ಲಿ ಕೂತಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಗುರುವಾರದ ಕಾರ್ಯಕ್ರಮವನ್ನು ಶುಕ್ರವಾರ ಬೆಳಿಗ್ಗೆ ಇನ್ನೊಮ್ಮೆ ಹಾಕುತ್ತೇವೆ, ಮಧ್ಯಾಹ್ನ ಹೊಲದಲ್ಲಿದ್ದವರಿಗಾಗಿ. ಹಾಕುವಾಗ ಒಂದು ಮಾತನ್ನೂ ತೆಗೆಯುವುದಿಲ್ಲ. ಕೆಮ್ಮು ಬಂದಿದ್ದರೆ ಕೆಮ್ಮೂ ಇರುತ್ತದೆ. ಮೊದಲೊಮ್ಮೆ ಯಾರದೋ ಫೋನು ಉದ್ದವಾಯಿತೆಂದು ತೆಗೆದುಹಾಕಿದ್ದಕ್ಕೆ ಅವರು ಕೇಂದ್ರಕ್ಕೇ ಬಂದು, ಮೆಟ್ಟಿಲ ಮೇಲೆ ಕೂತು, "ನಿನ್ನಿ ಮಾತಾಡಿದ್ದು ಇವತ್ತ ಎಲ್ಲಿ ಹೋತು?" ಎಂದು ಕೇಳಿದ್ದರು. ಅಂದಿನಿಂದ ನಿನ್ನೆಯದು ಇವತ್ತು ಇಡಿಯಾಗಿಯೇ ಬರುತ್ತದೆ ಎಂಬುದು ಎಲ್ಲರಿಗೂ ಖಾತ್ರಿ.

ಆ ಗುರುವಾರ ನಾವು ಹೋದದ್ದು ರೊಟ್ಟಿ ಮಾಡುವ ಒಂದು ಕೇಂದ್ರಕ್ಕೆ. ತಗಡಿನ ಚಾವಣಿಯ ಉದ್ದನೆಯ ಕೋಣೆ, ಗೋಡೆಗುಂಟ ಒಲೆಗಳು, ನಡುವೆ ಚಾಪೆ. ಹತ್ತಿರದ ಊರುಗಳ ಹೆಂಗಸರು ಬೆಳಿಗ್ಗೆ ಬಂದು ಖಡಕ್ ರೊಟ್ಟಿ ಮಾಡಿ ಸಂಜೆ ಹೋಗುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೆಚ್ಚು ಜನರಿಗೆ ಗೊತ್ತಿಲ್ಲದ್ದೆಂದರೆ, ಹಿಂದಿನ ಎರಡು ಕೋಣೆಗಳಲ್ಲಿ ಮನೆ ಬಿಟ್ಟು ಬಂದ ಕೆಲವು ಹೆಂಗಸರು ಇರುತ್ತಿದ್ದರು. ಹೊಡೆತ ತಾಳದೆ ಬಂದವರು. ಅವರೂ ರೊಟ್ಟಿ ಬಡಿಯುತ್ತಿದ್ದರು, ಆದರೆ ಸಂಜೆ ಎಲ್ಲಿಗೂ ಹೋಗುತ್ತಿರಲಿಲ್ಲ.

ಕೇಂದ್ರವನ್ನು ನಡೆಸುತ್ತಿದ್ದವರು ನಿವೃತ್ತ ಶಾಲಾ ಶಿಕ್ಷಕಿ. ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಾರೆ. ಅವರು ನಮ್ಮನ್ನು ಹೊರಗೇ ನಿಲ್ಲಿಸಿ ಹೇಳಿದ್ದರು: "ನೋಡ್ರಿ, ಒಳಗಿರೂ ಹೆಣ್ಮಕ್ಕಳ ಹೆಸರು ಬ್ಯಾಡ, ಊರು ಬ್ಯಾಡ, ದನಿನೂ ಬ್ಯಾಡ. ದಿನಾ ಬಂದು ಹೋಗೂರು ಮಾತಾಡ್ತಾರ. ಅವರ ಭಾಳ ಮಾತಾಡ್ತಾರ, ನಿಮಗ ಸಾಕಾಗ್ತೈತಿ."

ಹಾಗೆಯೇ ವ್ಯವಸ್ಥೆಯಾಗಿತ್ತು. ಮಾತಾಡುವವರು ಮುಂದೆ ಅರ್ಧ ಸುತ್ತಾಗಿ ಕೂತರು. ಒಳಗಿರುವವರು ಹಿಂದಿನ ಗೋಡೆಯ ಬಳಿ ಒಣಗಿದ ರೊಟ್ಟಿ ಜೋಡಿಸುತ್ತಿದ್ದರು. ಅವರಲ್ಲಿ ಒಬ್ಬಳು ಎಳೆಯ ಪ್ರಾಯದವಳು, ಹಣೆಯಲ್ಲಿ ದೊಡ್ಡ ಕುಂಕುಮ, ಎಡಗೈಯ ಮಣಿಕಟ್ಟು ಒಂದಿಷ್ಟು ಸೊಟ್ಟ. ಮುರಿದ ಮೂಳೆ ಸರಿಯಾಗಿ ಕೂಡದಿದ್ದರೆ ಆಗುವಂಥ ಸೊಟ್ಟ. ಆದರೂ ಅವಳು ರೊಟ್ಟಿ ಬಡಿಯುವ ಸದ್ದು ಎಲ್ಲರಿಗಿಂತ ಸಮವಾಗಿತ್ತು. ಕಾರ್ಯಕ್ರಮಕ್ಕೆ ಮುಂಚೆ ಸದ್ದು ಪರೀಕ್ಷಿಸುವಾಗ ನಾನು ಅದನ್ನು ಕೇಳಿದ್ದೆ.

ಕೇಂದ್ರಕ್ಕೆ ಬೇಕಾಗಿದ್ದದ್ದು ಗಾಡಿ. ರೊಟ್ಟಿ ಹುಬ್ಬಳ್ಳಿಯ ಖಾನಾವಳಿಗಳಿಗೆ ಹೋಗಬೇಕು, ಬಸ್ಸಿನಲ್ಲಿ ಹಾಕಿದರೆ ಅರ್ಧ ಪುಡಿಯಾಗುತ್ತಿತ್ತು. ದಿನಾ ಆ ಕಡೆ ಹೋಗುವ ಯಾರಾದರೂ ಒಯ್ದು ಕೊಡುತ್ತೀರಾ ಎಂದು ನನ್ನ ಜೊತೆಗಾರ್ತಿ ಕೇಳಿದಳು. ಫೋನುಗಳು ಬರತೊಡಗಿದವು. ಒಬ್ಬನನ್ನು ಪ್ರಸಾರಕ್ಕೆ ಹಾಕಿದೆ.

"ನಾ ದಿನಾ ಹಾಲಿನ ಗಾಡಿ ಹೊಡೀತೀನ್ರಿ. ನನ್ನ ಬಾಜೂಕ ಒಂದು ಸೀಟು ಖಾಲಿ ಇರ್ತೈತಿ. ರೊಟ್ಟಿ ಕುಂದ್ರಸ್ರಿ."

ಅಲ್ಲಿನ ಹಿರಿಯಾಕೆ, ಎಲ್ಲರೂ ಕಾಕು ಎನ್ನುವವರು, ಕೈಮೈಕು ಎಳೆದುಕೊಂಡರು. "ಮುರೀದಂಗ ಒಯ್ತಿಯೇನಪಾ?"

"ಹಾಲ ಚೆಲ್ಲದಂಗ ಒಯ್ಯಾಂವ ರೊಟ್ಟಿ ಮುರೀತೀನೇನಬೇ ಕಾಕು?"

"ನಿಮ್ಮ ಹಾಲಿನ್ಯಾಗ ನೀರ ಎಷ್ಟಿರ್ತೈತಿ, ಚೆಲ್ಲಿದ್ರ ಯಾರಿಗೆ ಗೊತ್ತಾಗ್ತೈತಲೇ!"

ಕೋಣೆ ತುಂಬ ನಗು. ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ನನಗೂ ನಗು ಬಂತು. ಇಂಥ ಗಳಿಗೆ ಬಂದರೆ ಕಾರ್ಯಕ್ರಮ ತಾನಾಗಿ ನಡೆಯುತ್ತದೆ. ನಮ್ಮದೇನೂ ಇರುವುದಿಲ್ಲ.

ಜೊತೆಗಾರ್ತಿ ಕಾಕುವಿಗೆ ಕೇಳಿದಳು: "ಕಾಕು, ನಿಮ್ಮನ್ನ ಮಾತಿನ್ಯಾಗ ಗೆದ್ದಾರ ಯಾರರ ಅದಾರೇನ್ರಿ? ಮನ್ಯಾಗ ಕಾಕಾ ಅವರ ಏನಂತಾರ? ಅವರ ಹೆಸರೇನು?"

"ಅಯ್ಯ, ಅವರ ಹೆಸರ ಹ್ಯಾಂಗ ಹಿಡೀಲೆವಾ ನಾನು!"

"ಒಡಪು ಹಾಕಿ ಹೇಳ್ರಿ."

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದಾಗಿ ಹೇಳುವುದಿಲ್ಲ. ಮದುವೆ, ಬಸುರಿಗೆ ಮಾಡುವ ಕುಬುಸದಂಥ ಹೊತ್ತಿನಲ್ಲಿ ಹೇಳಲೇಬೇಕಾಗಿ ಬಂದಾಗ ಎರಡು ಸಾಲಿನ ಪ್ರಾಸ ಕಟ್ಟಿ, ಅದರ ನಡುವೆ ಹೆಸರು ಸೇರಿಸಿ ಹೇಳುತ್ತಾರೆ. ಅದೇ ಒಡಪು. ಒಬ್ಬಳು ಹೇಳಿದರೆ ಅಲ್ಲಿಗೆ ನಿಲ್ಲುವುದಿಲ್ಲ, ಸುತ್ತ ಕೂತ ಮುತ್ತೈದೆಯರೆಲ್ಲ ಸಾಲಾಗಿ ಹೇಳಬೇಕು. ಕುಂಕುಮ ಹಚ್ಚಿದವಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬಿಟ್ಟರೆ, ನಿನಗೆ ಗಂಡನಿಲ್ಲ ಎಂದು ಎಲ್ಲರ ಮುಂದೆ ಹೇಳಿದಂತೆ. ಅಂಥ ಅಪಶಕುನದ ಮಾತು ಬಾಯಿಂದಿರಲಿ, ಕೈಯಿಂದಲೂ ಬರಬಾರದು.

ಕಾಕು ಗಂಟಲು ಸರಿಮಾಡಿಕೊಂಡು ಹೇಳಿದರು: "ಬಿಳಿಜೋಳದ ರೊಟ್ಟಿ, ಬದನಿಕಾಯಿ ಪಲ್ಯ, ಬಾಜೂಕ ಗುರೆಳ್ಳ ಹಿಂಡಿ..." ಆಮೇಲೆ ಗಂಡನ ಹೆಸರು, "...ರಾಯರು ಚಾ ಕುಡಕೋಂತ ನಿಂತ್ರು, ಹೋಗೇ ಬಿಟ್ಟಿತು ಮುಂಜಾನಿ ಗಾಡಿ!"

ನಗು ಇನ್ನೂ ನಿಂತಿರಲಿಲ್ಲ, ಮೈಕು ಪಕ್ಕದವಳಿಗೆ ಹೋಯಿತು. ಅವಳದು ಕಡಲೆ ಹೊಲದ ಒಡಪು. ಅವಳ ಪಕ್ಕದವಳು ನಾಚಿ ಸೆರಗು ಬಾಯಿಗೆ ಹಿಡಿದಳು. "ಎರಡು ಮಕ್ಕಳಾದ ಮ್ಯಾಲ ಯಾತರ ನಾಚಿಕಿಬೇ, ಹೇಳ ಹೇಳ" ಎಂದು ಎಲ್ಲರೂ ಚುಚ್ಚಿದರು. ಅವಳೂ ಹೇಳಿದಳು. ಆ ಹೊತ್ತಿಗೆ ನನ್ನ ಫೋನು ಬಡಿಯಿತು. ಟ್ರ್ಯಾಕ್ಟರಿನವನೊಬ್ಬ ವಾರಕ್ಕೊಮ್ಮೆ ಸಂಶಿಯ ತನಕ ಒಯ್ಯಬಲ್ಲೆ ಎನ್ನುತ್ತಿದ್ದ. ತಲೆ ಬಗ್ಗಿಸಿ ಅವನ ಹೆಸರು ಬರೆದುಕೊಳ್ಳುತ್ತಿದ್ದೆ. ಒಂದು ಕಿವಿಯಲ್ಲಿ ಅವನು, ಇನ್ನೊಂದು ಕಿವಿಯಲ್ಲಿ ಒಡಪುಗಳು.

ಆಗ ಇನ್ನೊಂದು ಕಿವಿಯಲ್ಲಿ, ಅಲ್ಲಿಯ ತನಕ ಕೇಳದ ಒಂದು ದನಿ ಬಂತು. ತೆಳುವಾದ, ಸ್ಪಷ್ಟವಾದ ದನಿ.

"ಹಿತ್ತಲದಾಗ ಹೀರಿ ಬಳ್ಳಿ, ಅಟ್ಟದ ಮ್ಯಾಲ ಅವರಿಕಾಳ. ಅತ್ತಿಗೆ ಮುದ್ದಿನ ಮಗ..."

ತಲೆ ಎತ್ತಿದೆ. ಮಾತಾಡುವವರ ಸಾಲಿನಲ್ಲಿ ಒಬ್ಬಳು ಅಳುವ ಕೂಸಿಗೆ ಹಾಲು ಕೊಡಲು ಎದ್ದು ಹೋಗಿದ್ದಳು. ಖಾಲಿಯಾದ ಜಾಗದಲ್ಲಿ, ಒಲೆಯ ಮೇಲೆ ಬಿಟ್ಟುಹೋದ ರೊಟ್ಟಿ ಸೀಯಬಾರದೆಂದು, ಸೊಟ್ಟ ಮಣಿಕಟ್ಟಿನ ಆ ಹುಡುಗಿ ಬಂದು ಕೂತಿದ್ದಳು. ಕಾಕು ಮೈಕನ್ನು ಅವಳ ಬಾಯಿಗೆ ಹಿಡಿದಿದ್ದರು. ಅವಳು ಹೆಸರು ಹೇಳಿದಳು, "...ನನಗ ಮನಿಯಾಳ" ಎಂದು ಮುಗಿಸಿದಳು.

ಮೈಕು ಆರಿಸುವ ಗುಂಡಿಯ ಮೇಲೆ ನನ್ನ ಬೆರಳು ಹೋಗುವಷ್ಟರಲ್ಲಿ ಅದು ಹೋಗಿಯಾಗಿತ್ತು. ನಮ್ಮ ಯಂತ್ರದಲ್ಲಿ ತಡೆದು ಕಳಿಸುವ ಅನುಕೂಲವಿಲ್ಲ. ಇಲ್ಲಿ ಆಡಿದ್ದು ಆಗಲೇ ಅಲ್ಲಿ ಕೇಳುತ್ತದೆ.

ಗಂಡನನ್ನು ಮನೆಯಾಳು ಮಾಡಿದ ಒಡಪಿಗೆ ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು. ಅವಳೂ ನಕ್ಕಳು. ಆಮೇಲೆ ಅಕ್ಕೋರ ಮುಖ ನೋಡಿದಳು. ಅಕ್ಕೋರು ಬಾಗಿಲ ಬಳಿ ನಿಂತಿದ್ದರು, ಅಲುಗಾಡಲಿಲ್ಲ. ಹುಡುಗಿಯ ನಗು ಮುಖದ ಮೇಲೆ ಹಾಗೆಯೇ ಉಳಿದಿತ್ತು, ಕಣ್ಣು ಮಾತ್ರ ಬದಲಾಯಿತು. ಜೊತೆಗಾರ್ತಿ ಏನಾಯಿತೆಂದು ತಿಳಿದವಳಂತೆ ಕೂಡಲೇ ಮೈಕು ತೆಗೆದುಕೊಂಡು ಗಾಡಿಯ ವಿಷಯಕ್ಕೆ ಬಂದಳು.

ಅವಳ ಊರು ನಮ್ಮ ಕೇಂದ್ರದ ಅಲೆ ಮುಟ್ಟುವ ಊರಲ್ಲ. ಅದನ್ನು ನೋಡಿಯೇ ಅಕ್ಕೋರು ನೇರ ಪ್ರಸಾರಕ್ಕೆ ಒಪ್ಪಿದ್ದರು. ಆದರೆ ಆ ವರ್ಷ ನಮ್ಮ ಕಾರ್ಯಕ್ರಮಗಳು ಮೊಬೈಲಿನಲ್ಲೂ ಬರಲು ಶುರುವಾಗಿದ್ದವು. ಮೊಬೈಲಿಗೆ ತಾಲೂಕಿನ ಗಡಿ ಇಲ್ಲ.

ಕಾರ್ಯಕ್ರಮ ಮುಗಿಯುವ ಮೊದಲೇ ಆ ಫೋನು ಬಂತು. ವಯಸ್ಸಾದ ಹೆಂಗಸಿನ ದನಿ.

"ಯವ್ವಾ, ರೇಡಿಯೋದಾಕೇನು?"

"ಹೌದ್ರಿ ಅಮ್ಮಾ, ಹೇಳ್ರಿ. ಗಾಡಿ ಐತೇನ್ರಿ?"

"ಗಾಡಿ ಎಲ್ಲಿಂದ ಬರ್ಬೇಕು ನನಗ. ಈಗ ಅವರಿಕಾಳ ಒಡಪು ಹೇಳಿದ್ಲಲ್ಲ..."

ಪ್ರಸಾರಕ್ಕೆ ಹಾಕುವ ಗುಂಡಿಯಿಂದ ನನ್ನ ಕೈ ದೂರ ತೆಗೆದೆ. "ಯಾರು ಏನು ಹೇಳಿದ್ರು ಅಂತ ನಾವು ಹೇಳಾಂಗಿಲ್ರಿ ಅಮ್ಮಾ."

"ಹೇಳಬ್ಯಾಡ. ನಾ ಕೇಳಾಕ್ಹತ್ತಿಲ್ಲ. ಆ ಒಡಪು ನಾನ ಕಟ್ಟಿದ್ದು. ಆಕಿ ಹೊಸ್ತಿಲಾ ದಾಟಿ ಒಳಗ ಬರೂಮುಂದ ಹೇಳಾಕ ಬರ್ಲಿಲ್ಲ, ಅಳಾಕ್ಹತ್ತಿದ್ಲು. ಕಿವಿಯಾಗ ನಾನ ಹೇಳಿಕೊಟ್ಟೆ. ನನ್ನ ಮಗನ್ನ ಮನಿಯಾಳ ಅಂತ ನಾನ ಅನಸೇನಿ." ಉಸಿರು ಕೇಳುತ್ತಿತ್ತು. "ಉಂಡು ತಿಂದು ಛಲೋತ್ನಾಗ ಅದಾಳೇನು?"

ಇಲ್ಲ ಎನ್ನಲೂ ಆಗಲಿಲ್ಲ, ಹೌದು ಎಂದರೆ ಅವಳು ಇಲ್ಲಿದ್ದಾಳೆಂದು ಹೇಳಿದಂತೆ.

"ಆತು, ಹೇಳಬ್ಯಾಡ. ಒಂದು ಮಾತ ಕೇಳು. ಇದನ್ನ ನಾಳಿ ಮುಂಜಾನಿ ತಿರುಗಿ ಹಾಕ್ತೀರಿ ಹೌದಿಲ್ಲೋ?"

"ಹೌದ್ರಿ."

"ಆ ಒಡಪು ತಗದ ಹಾಕ. ಮುಂಜಾನಿ ಅಂವ ಮನ್ಯಾಗ ಇರ್ತಾನ." ಮತ್ತೆ ಏನೋ ಹೇಳಲು ಹೋದರು. ಆಮೇಲೆ ಫೋನು ಇಟ್ಟರು.

ಪ್ರಸಾರ ಮುಗಿಯಿತು. ಕೇಂದ್ರಕ್ಕೆ ಬೇಕಾದ ಗಾಡಿ ಸಿಕ್ಕಿತ್ತು, ಹೆಂಗಸರೆಲ್ಲ ಸಂತೋಷದಲ್ಲಿದ್ದರು. ನಾನು ಅಕ್ಕೋರನ್ನು ಹೊರಗೆ ಕರೆದು ಫೋನಿನ ಮಾತನ್ನು ಬಂದ ಕ್ರಮದಲ್ಲೇ ಹೇಳಿದೆ. ಅವರು ಕಾಕುವನ್ನೂ ಹುಡುಗಿಯನ್ನೂ ಹಿಂದಿನ ಕೋಣೆಗೆ ಕರೆದರು. ಕಾಕು ಬಾಗಿಲಲ್ಲೇ ನೆಲಕ್ಕೆ ಕೂತುಬಿಟ್ಟರು.

"ನಂಗ ನೆನಪಿತ್ರಿ ಅಕ್ಕೋರ, ನೆನಪಿಲ್ಲಂತ ಅಲ್ಲ. ಆದ್ರ ಹಣಿ ತುಂಬ ಕುಂಕುಮ ಇಟ್ಕೊಂಡು ಬಾಜೂಕ ಕುಂತಾಳ. ಆಕಿನ್ನ ದಾಟಿ ಮೈಕ ಹ್ಯಾಂಗ ಒಯ್ಲಿ? ಕೈ ಬರ್ಲಿಲ್ರಿ."

ಅಕ್ಕೋರು ಅವರನ್ನು ಕೈಹಿಡಿದು ಎಬ್ಬಿಸಿದರು. ಹುಡುಗಿಯ ಕಡೆ ತಿರುಗಿದರು. "ನೀನರ ಯಾಕ ಹೇಳಿದೆವಾ?"

"ಗೊತ್ತಿಲ್ರಿ. ಮೈಕ ಬಂತು. ಬಾಯಿ ತಾನ ಹೇಳಿತು." ಅವಳು ಸೊಟ್ಟ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಳು. "ಎಲ್ಲಾರೂ ಹೇಳಾಕ್ಹತ್ತಿದ್ರು. ನಾನೂ ಹೇಳಿದೆ."

ಅಕ್ಕೋರು ಅವಳನ್ನು ಆ ಸಂಜೆಯೇ ಬೇರೆ ಊರಿಗೆ ಕಳಿಸಬೇಕೆಂದರು. ಅವರಿಗೆ ಪರಿಚಯದ ಇನ್ನೊಂದು ಸಂಸ್ಥೆ ಇತ್ತು, ದೂರ. "ಅತ್ತಿ ಹೇಳೂದಿಲ್ಲ ಅಂತ ಇಟ್ಕೊಳ್ಳೂಣು. ಊರಾಗ ಬ್ಯಾರೆ ಯಾರೂ ಕೇಳಿರಾಂಗಿಲ್ಲೇನು? ಯಾ ಊರಿನಿಂದ ಪ್ರಸಾರ ಅಂತ ಮೊದಲ ಹೇಳೇವಿ. ನಾಳಿ ಅಂವ ಇಲ್ಲಿ ಬಂದು ನಿಂತ್ರ ನಾ ಏನ್ ಮಾಡ್ಲಿ?"

ಅವನು ಬಂದರೆ ಏನಾಗುತ್ತದೆ ಎಂಬುದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಮಣಿಕಟ್ಟು ಕಣ್ಣಮುಂದೆ ಇತ್ತು. ಅವಳು ಮೊದಲೂ ಒಮ್ಮೆ ಮನೆ ಬಿಟ್ಟಿದ್ದಳಂತೆ, ತವರಿಗೆ ಹೋಗಿದ್ದಳಂತೆ. ಅವನು ಅಲ್ಲಿಗೆ ಬಂದು, ಅಂಗಳದಲ್ಲಿ ಎಲ್ಲರಿಗೂ ಕೈಮುಗಿದು ಕರೆದುಕೊಂಡು ಹೋಗಿದ್ದನಂತೆ. ಕೈ ಮುರಿದದ್ದು ಅದಾದ ಮೇಲೆ. ಇದನ್ನು ಅಕ್ಕೋರು ನನಗೆ ಆಮೇಲೆ ಹೇಳಿದರು.

ಹುಡುಗಿ ಕೇಳಿದಳು: "ಅತ್ತಿ ತಗದ ಹಾಕು ಅಂದ್ಲೇನ್ರಿ? ಖರೇನ?"

"ಹೌದವಾ."

"ಹಂಗಾರ ನಾಳಿ ಮಧ್ಯಾಹ್ನದ ತನಕ ಇರ್ತೀನ್ರಿ ಅಕ್ಕೋರ. ಮುಂಜಾನಿ ಕೇಳಿ ಅಂವಗ ಗೊತ್ತಾಗ್ಲಿಲ್ಲ ಅಂದ್ರ ಗೊತ್ತಾಗಾಂಗಿಲ್ಲ. ಸುಮ್ಮ ಸುಮ್ಮನ ಓಡಿ ಓಡಿ ಸಾಕಾಗೇತಿ. ಇಲ್ಲಿ ಒಲಿ ಕೈಗೆ ಹತ್ತೇತ್ರಿ ನನಗ."

ಅಕ್ಕೋರಿಗೆ ಇಷ್ಟವಿರಲಿಲ್ಲ. ಆದರೂ ಅವಳ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟುಕೊಳ್ಳುವುದು, ಹಾಲಿನ ಗಾಡಿಯವನನ್ನು ಬೆಳಿಗ್ಗೆ ಇಲ್ಲೇ ನಿಲ್ಲಿಸಿಕೊಳ್ಳುವುದು ಎಂದು ಮಾಡಿ ಒಪ್ಪಿದರು. ಗಾಡಿಯವನಿಗೆ ಯಾಕೆಂದು ಹೇಳಲಿಲ್ಲ. ಅವನೂ ಕೇಳಲಿಲ್ಲವಂತೆ.

ಸಂಜೆ ನಾನು ರೇಡಿಯೋ ಕೇಂದ್ರಕ್ಕೆ ಬಂದು ಧ್ವನಿಮುದ್ರಿಕೆಯಲ್ಲಿ ಆ ಭಾಗವನ್ನು ಹುಡುಕಿದೆ. ಹಿಂದಿನವಳ ಒಡಪು, ನಗು, ಇವಳ ಒಡಪು, ಚಪ್ಪಾಳೆ, ನಗು. ಇವಳದನ್ನಷ್ಟೇ ತೆಗೆದರೆ ಎರಡು ನಗುವಿನ ನಡುವೆ ಕತ್ತರಿಸಿದ ಗುರುತು ಕೇಳುತ್ತಿತ್ತು. ಹಿಂದಿನ ನಗು ಇಳಿಯುವಲ್ಲಿ ಮುಂದಿನ ನಗು ಏರುವಂತೆ ಕೂಡಿಸಬೇಕಾಯಿತು. ಹಾಗೆ ಕೂಡಿಸಲು ಅವಳ ಒಡಪನ್ನು ಮತ್ತೆ ಮತ್ತೆ ಕೇಳಬೇಕಾಯಿತು. ದನಿಯಲ್ಲಿ ಭಯ ಎಲ್ಲಿಯೂ ಇರಲಿಲ್ಲ. ಎಲ್ಲರ ಜೊತೆ ಕೂತು ಪ್ರಾಸ ಸರಿಯಾಗಿ ಹೇಳಿದವಳ ಖುಷಿ ಮಾತ್ರ ಇತ್ತು. ಕೊನೆಗೆ ಕೂಡಿದ ಜಾಗ ನನ್ನ ಕಿವಿಗೂ ಗೊತ್ತಾಗದಂತಾಯಿತು. ತೆಗೆದ ತುಣುಕನ್ನು ಅಳಿಸಿದೆ.

ಶುಕ್ರವಾರ ಬೆಳಿಗ್ಗೆ ಮರುಪ್ರಸಾರ ನಡೆಯುವಾಗ ಜೊತೆಗಾರ್ತಿಯೂ ನಾನೂ ಇಬ್ಬರೇ ಇದ್ದೆವು. ಹಾಲಿನ ಗಾಡಿಯ ಮಾತು ಬಂತು, ಕಾಕುವಿನ ಒಡಪು ಬಂತು, ಕಡಲೆ ಹೊಲ ಬಂತು, ನಾಚಿದವಳು ಹೇಳಿದಳು, ಎಲ್ಲರೂ ನಕ್ಕರು, ಗಾಡಿಯ ಮಾತು ಮತ್ತೆ ಬಂತು. ಜೊತೆಗಾರ್ತಿ ನನ್ನ ಕಡೆ ನೋಡಿ ತಲೆಯಾಡಿಸಿದಳು.

ಕಾರ್ಯಕ್ರಮ ಮುಗಿದು ಹಾಡು ಹಾಕಿದ ಮೇಲೆ ಫೋನು ಬಂತು. ಗಂಡಸಿನ ದನಿ.

"ನಮಸ್ಕಾರ್ರಿ. ಕಾರ್ಯಕ್ರಮ ಭಾಳ ಛಲೋ ಬರ್ತಾವ್ರಿ ನಿಮ್ದು."

"ನಮಸ್ಕಾರ್ರಿ. ಹೇಳ್ರಿ."

"ಏನಿಲ್ರಿ, ನಮ್ಮ ಓಣ್ಯಾಗ ಒಬ್ರು ಹೇಳಿದ್ರು. ನಿನ್ನಿ ಒಡಪಿನ್ಯಾಗ ನನ್ನ ಹೆಸರು ಬಂತಂತ. ಅವರಿಕಾಳಿಂದು ಏನೋ. ಅದಕ್ಕ ಇವತ್ತ ಕುಂತು ಕೇಳಿದೆ, ಬರ್ಲಿಲ್ಲ. ನಿನ್ನಿದು ಇವತ್ತ ಪೂರಾ ಬರ್ತೈತಲ್ರಿ?"

ಆ ದನಿಯ ಬಗ್ಗೆ ಸರಿಯಾಗಿ ಬರೆಯಬೇಕು. ಒರಟು ದನಿಯಲ್ಲ. ಕುಡಿದ ದನಿಯಲ್ಲ. ಪ್ರತಿ ಮಾತಿಗೂ 'ರಿ' ಹಚ್ಚಿ, ಎದುರಿನವರಿಗೆ ತೊಂದರೆ ಕೊಡುತ್ತಿದ್ದೇನೆಂಬ ಸಂಕೋಚದಲ್ಲಿ ಮಾತಾಡುವ ದನಿ. ಇಂಥ ದನಿ ದಿನಾ ನಮ್ಮ ಕೇಂದ್ರಕ್ಕೆ ಬರುತ್ತದೆ. ಹಾಡು ಕೇಳುತ್ತದೆ, ಮಳೆಯ ಸುದ್ದಿ ಕೇಳುತ್ತದೆ. ಬೇರೆ ದಿನವಾಗಿದ್ದರೆ ನಾನು ಖುಷಿಯಿಂದ ಮಾತಾಡುತ್ತಿದ್ದೆ.

"ನಮ್ಮ ಪದ್ಧತಿ ಹಂಗ ಐತ್ರಿ," ಎಂದೆ.

"ಹಂಗಾರ ಅವರ ಕೇಳಿದ್ದು ತಪ್ಪಿರ್ಬೇಕು."

ಹಾಡು ಇನ್ನೆಷ್ಟು ಉಳಿದಿದೆ ಎಂದು ನೋಡಿದೆ. ಅವನೇ ಮತ್ತೆ ಕೇಳಿದ:

"ಅಲ್ಲಿ ನಮ್ಮ ಕಡೆ ಹೆಣ್ಮಗಳು ಯಾರರ ಅದಾಳೇನ್ರಿ?"

"ಅಲ್ಲಿರೂರ ಬಗ್ಗೆ ನಾವು ಯಾರಿಗೂ ಹೇಳಾಂಗಿಲ್ರಿ. ಯಾ ಸಂಸ್ಥಾದ್ದಾದ್ರೂ ಹಂಗ."

ಆಗ ಅವನ ಹಿಂದಿನಿಂದ, ದೂರದಿಂದ, ಗುರುವಾರ ಕೇಳಿದ ಆ ಮುದುಕಿಯ ದನಿ ಬಂತು. ನಿನ್ನೆಯಂತೆ ಮೆಲ್ಲಗೆ ಇರಲಿಲ್ಲ. ಓಣಿಗೆಲ್ಲ ಕೇಳುವಂತಿತ್ತು.

"ಕೇಳಿದೇನಲೇ? ಪೂರಾ ಕೇಳಿದೇನ? ಬಂತೇನು ನಿನ್ನ ಹೆಸರು? ಆ ಓಣಿ ಮಂದಿಗೆ ಮಾಡಾಕ ಕೆಲಸಿಲ್ಲ, ನಿನಗ ಕೇಳಾಕ ಕೆಲಸಿಲ್ಲ. ಫೋನ ಇಡು. ಎಮ್ಮಿ ಇನ್ನಾ ಒಳಗ ಐತಿ, ಹೊರಗ ಕಟ್ಟ ಹೋಗು!"

"ಹೂಂ, ಬಂದೆ," ಎಂದ ಅವನು, ಆ ಕಡೆ ತಿರುಗಿ. ಆಮೇಲೆ ನನಗೆ, "ತಪ್ಪ ತಿಳ್ಕೋಬ್ಯಾಡ್ರಿ. ಇಡ್ತೀನ್ರಿ."

ಇಟ್ಟ. ಜೊತೆಗಾರ್ತಿ ನೀರು ತಂದು ಕೊಟ್ಟಳು. ಹಾಡು ಮುಗಿಯುತ್ತಿತ್ತು, ಅವಳು ಮೈಕಿನ ಮುಂದೆ ಕೂತು ಹವಾಮಾನ ಓದಿದಳು. ಅವಳ ದನಿಯಲ್ಲಿ ಏನೂ ಗೊತ್ತಾಗಲಿಲ್ಲ. ನಾನಾಗಿದ್ದರೆ ಓದಲು ಆಗುತ್ತಿರಲಿಲ್ಲ.

ಫೋನಿನಲ್ಲಿ ಹೇಳುವುದು ಬೇಡವೆನಿಸಿ ಸಂಶಿಯ ಕಡೆಯಿಂದ ಬರುವ ಬಸ್ಸು ಹಿಡಿದು ನಾನೇ ರೊಟ್ಟಿ ಕೇಂದ್ರಕ್ಕೆ ಹೋದೆ. ಅಂಗಳದಲ್ಲಿ ಹಾಲಿನ ಗಾಡಿ ನಿಂತಿತ್ತು. ಗಾಡಿಯವನು ಖಾಲಿ ಕ್ಯಾನುಗಳ ಪಕ್ಕದಲ್ಲಿ ಕೂತು ಕಾಕು ಕೊಟ್ಟ ರೊಟ್ಟಿ ತಿನ್ನುತ್ತಿದ್ದ. ಕಾಕು ಅವನಿಗೆ ಬಡಿಸುತ್ತಿದ್ದರು, ಆದರೆ ನಿನ್ನೆಯಂತೆ ಅವನನ್ನು ಕೆಣಕುತ್ತಿರಲಿಲ್ಲ. ಬಾಗಿಲ ಬಳಿ ಚೀಲ ಇತ್ತು.

ಅಕ್ಕೋರಿಗೂ ಹುಡುಗಿಗೂ ನಡೆದದ್ದನ್ನು ಹೇಳಿದೆ. ಅವನು ಕೇಳಿದ್ದು, ನಾನು ಹೇಳಿದ್ದು, ಅವನು ತಪ್ಪಿರಬೇಕು ಎಂದದ್ದು. ಅಕ್ಕೋರು ಕಣ್ಣು ಮುಚ್ಚಿ ತೆರೆದರು. ಹೊರಗೆ ಹೋಗಿ ಗಾಡಿಯವನಿಗೆ, "ನೀ ಹೋಗಪಾ, ರೊಟ್ಟಿ ತಗೊಂಡ ಹೋಗು" ಎಂದರು. ಕೆಲವು ತಿಂಗಳ ಮೇಲೆ ಆ ರೊಟ್ಟಿ ಕೇಂದ್ರ ಬೇರೆ ಊರಿಗೆ ಹೋಯಿತು, ಅವರೆಲ್ಲರೂ ಹೋದರು. ಈಗ ಆ ತಗಡಿನ ಕೋಣೆಯಲ್ಲಿ ಮೆಣಸಿನಕಾಯಿ ಚೀಲ ಇಡುತ್ತಾರೆ. ನಾವು ಈಗಲೂ ಗುರುವಾರ ನೇರ ಪ್ರಸಾರಕ್ಕೆ ಹೋಗುತ್ತೇವೆ. ಕೈಮೈಕನ್ನು ಮಾತ್ರ ನಾವು ಯಾರ ಕೈಗೂ ಕೊಡುವುದಿಲ್ಲ. ಆದರೆ ಅವತ್ತು ಅವಳು ಹೋಗಲಿಲ್ಲ.

ಹುಡುಗಿ ಒಲೆಯ ಮುಂದೆ ಹೋಗಿ ಕೂತಳು. ನಾನು ಅವಳ ಪಕ್ಕ ಕೂತೆ. ಅವಳು ಹಿಟ್ಟು ಮುರಿದು ಉಂಡೆ ಮಾಡಿದಳು, ಬಡಿಯಲಿಲ್ಲ.

"ಅತ್ತಿ ಏನಂದ್ಲು? ಇನ್ನೊಮ್ಮೆ ಹೇಳ್ರಿ."

ಹೇಳಿದೆ. ಓಣಿ ಮಂದಿಗೆ ಕೆಲಸವಿಲ್ಲ, ಎಮ್ಮೆ ಇನ್ನೂ ಒಳಗಿದೆ, ಹೊರಗೆ ಕಟ್ಟು.

"ಎಮ್ಮಿ ಅಂದ್ಲೇನ್ರಿ?"

"ಹೌದವಾ."

"ಹಂಗಾರ ಮಾರಿಲ್ಲ." ಅವಳು ಬಡಿಯತೊಡಗಿದಳು. ಮೊದಲು ನಿಧಾನವಾಗಿ, ಆಮೇಲೆ ಆ ಸಮವಾದ ಸದ್ದು ಬಂತು. "ನಾ ಬರೂಮುಂದ ಮಾರೇ ಬಿಡ್ತೀನಿ ಅಂತಿದ್ದ. ಅತ್ತಿ ಬಿಟ್ಟಿಲ್ಲ ನೋಡ್ರಿ. ಆಕಿ ಹಂತ್ಯಾಕ ಅಂವನ ಆಟ ನಡ್ಯಾಂಗಿಲ್ಲ, ಎಮ್ಮಿ ವಿಷಯದಾಗ." ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು. "ಎಮ್ಮಿ ಒದರಾಕ್ಹತ್ತಿತ್ತೇನ್ರಿ, ಫೋನಿನ್ಯಾಗ?"

ನಾನು ನೆನಪು ಮಾಡಿಕೊಂಡೆ. ಅವನ ದನಿ, ಅದರ ಹಿಂದೆ ಮುದುಕಿಯ ದನಿ, ಅದರ ಹಿಂದೆ ಇನ್ನೇನಿತ್ತು ಎಂದು. ಒದರಿದ ಸದ್ದು ಇರಲಿಲ್ಲ. ಕಲ್ಲಿನ ಮೇಲೆ ಸರಪಳಿ ಎಳೆದ ಸದ್ದು ಇತ್ತು, ಎಳೆದು ನಿಂತು ಮತ್ತೆ ಎಳೆದದ್ದು.

"ಒದರ್ಲಿಲ್ಲವಾ. ಸರಪಳಿ ಸದ್ದು ಬರ್ತಿತ್ತು."

"ಹಂಗಾರ ಮೇವು ಹಾಕ್ಯಾಳ," ಎಂದಳು. "ಹಸದ್ರ ಒದರ್ತೈತಿ ಅದು." ರೊಟ್ಟಿಯ ಅಂಚು ಎದ್ದಿತ್ತು. ಬೆರಳಿನಿಂದಲೇ ಅದನ್ನು ತಿರುವಿ ಹಾಕಿದಳು.